ಅವರೊಬ್ಬರಿಗೇ ಬರುವ ಕೆಲಸ

ಹುಮನಾಬಾದದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಔಷಧಿ ಪುಡಿ ತಯಾರಿಸುವ ಒಂದು ಕಾರ್ಖಾನೆಯಿತ್ತು. ಅಲ್ಲಿ ನಾನು ಒಂಬತ್ತು ವರ್ಷ ಟೈಪಿಸ್ಟ್ ಆಗಿದ್ದೆ. ಬಸವಕಲ್ಯಾಣದಿಂದ ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದು ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವುದು. ಇಪ್ಪತ್ತಾರು ದಾಟಿದ್ದರೂ ಲಗ್ನವಾಗಿರಲಿಲ್ಲ. ಹುಡುಗಿಯ ಬಾಯಿ ಜೋರು ಎಂಬ ಸುದ್ದಿ ನಮ್ಮಪ್ಪನಿಗಿಂತ ಮೊದಲೇ ವರನ ಮನೆ ಮುಟ್ಟುತ್ತಿತ್ತು. ಸುದ್ದಿ ಸುಳ್ಳೇನೂ ಆಗಿರಲಿಲ್ಲ. ಆದರೆ ಈ ಜೋರು ಬಾಯಿ, ತೆರೆಯಲೇಬೇಕಾಗಿದ್ದ ಹೊತ್ತಿನಲ್ಲಿ ತೆರೆಯಲಿಲ್ಲ. ಅದನ್ನು ಬರೆಯಲೆಂದೇ ಇಷ್ಟು ವರ್ಷದ ಮೇಲೆ ಕುಳಿತಿದ್ದೇನೆ.

ಚಾಚಾ ಅದೇ ಬಸ್ಸಿನಲ್ಲಿ ಬರುತ್ತಿದ್ದರು. ಮ್ಯಾನೇಜರರಿಂದ ಹಿಡಿದು ಗೇಟಿನವನವರೆಗೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಚಾಚಾ. ಆಗ ಅವರಿಗೆ ನಲವತ್ತೈದು ಇದ್ದೀತು. ಅವರ ತಂದೆ ನಮ್ಮೂರಲ್ಲಿ ಕಲಾಯಿ ಹಾಕುತ್ತಿದ್ದವರು. ವರ್ಷಕ್ಕೆರಡು ಸಲ ನಮ್ಮ ಅಂಗಳದಲ್ಲಿ ಕುಣಿ ತೋಡಿ, ಇದ್ದಿಲು ಹೊತ್ತಿಸಿ, ನಮ್ಮವ್ವನ ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಚಾಚಾ ಚಿಕ್ಕಂದಿನಲ್ಲಿ ತಂದೆಯ ಪಕ್ಕ ಕುಳಿತು ತಿದಿ ಒತ್ತುತ್ತಲೇ ಬೆಂಕಿಯ ಬಣ್ಣ ನೋಡಿ ಕಾವು ಹೇಳುವುದನ್ನು ಕಲಿತಿದ್ದರಂತೆ. ಶಾಲೆ ಏಳನೆಯ ಇಯತ್ತೆಗೇ ನಿಂತಿತ್ತು.

ಕಾರ್ಖಾನೆಯಲ್ಲಿ ಅವರ ಕೆಲಸವೂ ಒಂದು ಬಗೆಯಲ್ಲಿ ಕಾವಿನದೇ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ದ್ರಾವಣವನ್ನು ನಿಧಾನವಾಗಿ ತಣಿಸಿದರೆ ಔಷಧಿ ಹರಳುಗಟ್ಟುತ್ತದೆ. ಚೂರು ಅವಸರವಾದರೆ ಕೆಸರಿನಂತಾಗುತ್ತದೆ, ಚೂರು ತಡವಾದರೆ ಗಟ್ಟಿಯಾಗಿ ಪಾತ್ರೆಯ ಗೋಡೆಗೆ ಹಿಡಿಯುತ್ತದೆ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದೆಲ್ಲ ಗೋಡೆಯ ಮೇಲೆ ಬರೆದು ಹಚ್ಚಿದ್ದರು. ಬರೆದ ಪ್ರಕಾರ ಮಾಡಿದರೂ ಮಾಲು ಆಗಾಗ ಕೆಡುತ್ತಿತ್ತು. ಚಾಚಾ ಗಾಜಿನ ಕಿಂಡಿಗೆ ಬ್ಯಾಟರಿ ಹಿಡಿದು ನೋಡಿ, ಒಳಗೆ ಕಲಕುವ ಮೋಟರಿನ ಸಪ್ಪಳ ಕೇಳಿ, ಪೈಪಿಗೆ ಮುಂಗೈ ತಾಗಿಸಿ, "ಈಗ ತಣ್ಣೀರ ಬಿಡ್ರಿ" ಅಂದರೆ ಮಾಲು ಕೆಡುತ್ತಿರಲಿಲ್ಲ. ಎಂ.ಎಸ್ಸಿ. ಮಾಡಿ ಬಂದ ಕೆಮಿಸ್ಟರು ಕೈಯಲ್ಲಿ ಥರ್ಮಾಮೀಟರ್ ಹಿಡಿದುಕೊಂಡು ಇವರ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ನನಗೆ ಅದನ್ನು ನೋಡುವುದೆಂದರೆ ಭಾರಿ ಖುಷಿ.

ಯಾರಾದರೂ ಹೊಗಳಿದರೆ ಚಾಚಾ ಎರಡೂ ಕಿವಿ ಮುಟ್ಟಿಕೊಂಡು "ಎಲ್ಲಾ ಉಸ್ತಾದರ ಮೆಹರಬಾನಿ" ಅನ್ನುತ್ತಿದ್ದರು. ಕಸುಬನ್ನು ನನ್ನದು ಅನ್ನಬಾರದು, ಕೇಳಿ ಬಂದವರಿಗೆ ಮುಚ್ಚಿಡಬಾರದು. ಅವರ ಮನೆಯಲ್ಲಿ ನಡೆದುಕೊಂಡು ಬಂದ ರೀತಿ ಅದು. ಅವರ ಮನೆಯೊಂದರದೇ ಅಲ್ಲ. ನಮ್ಮ ಬಸವಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವವರು, ಬಟ್ಟೆಗೆ ಬಣ್ಣ ಹಾಕುವವರು, ಕಿರಾಣಿ ಅಂಗಡಿಯ ನಮ್ಮಪ್ಪ, ಎಲ್ಲರ ಬಾಯಲ್ಲೂ ಇದೇ ಮಾತು. ಯಾರ ಕೆಲಸವನ್ನಾದರೂ ಚೆನ್ನಾಗಿದೆ ಅನ್ನಿ, "ಇದರಾಗ ನಂದೇನದರಿ" ಎಂದೇ ಉತ್ತರ ಬರುತ್ತದೆ. ತಾನೇ ಮಾಡಿದೆ ಅಂತ ಹೇಳಿಕೊಳ್ಳುವವನನ್ನು ನಾವು ಹಿಂದಿನಿಂದ ಆಡಿಕೊಂಡು ನಗುತ್ತೇವೆ.

ಇಷ್ಟೆಲ್ಲ ಇದ್ದೂ ಚಾಚಾ ಕಂಪನಿಯ ನೌಕರರಾಗಿರಲಿಲ್ಲ. ಹದಿನಾಲ್ಕು ವರ್ಷದಿಂದ ಕಾಂಟ್ರಾಕ್ಟರನ ಪಟ್ಟಿಯಲ್ಲಿದ್ದರು. ನಾಳೆ ಬರಬೇಡ ಅಂದರೆ ನಾಳೆ ಇಲ್ಲ. ಹಾಗೆ ಎರಡು ಸಲ ಅಂದೂ ಆಗಿತ್ತು. ಮಾಲು ಕೆಟ್ಟ ಮೇಲೆ ಮತ್ತೆ ಕರೆಸಿಕೊಂಡಿದ್ದರು. ಮ್ಯಾಟ್ರಿಕ್ ಆಗಿಲ್ಲದವರನ್ನು ಆಪರೇಟರ್ ಅಂತ ತೆಗೆದುಕೊಳ್ಳಲು ಕಂಪನಿಯ ನಿಯಮದಲ್ಲಿ ದಾರಿಯಿಲ್ಲ ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಚಾಚಾನಿಗೆ ಬೇಕಾಗಿದ್ದದ್ದು ಒಂದೇ, ಕಾಯಂ ಆಗುವುದು. ಸಂಬಳ ಹೆಚ್ಚಾಗಲಿ ಅಂತ ಅವರ ಬಾಯಿಂದ ನಾನು ಕೇಳಿದ್ದಿಲ್ಲ. "ಸಂಜಿಮುಂದ ಮನಿಗೆ ಹೋಗುವಾಗ ನಾಳಿ ಕೆಲಸ ಅದ ಅಂತ ಗೊತ್ತಿರಬೇಕು ಬೇಟಾ, ಅಷ್ಟ ಸಾಕು" ಅನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೈದರಾಬಾದಿನಲ್ಲಿದ್ದ ನಮ್ಮ ಮಾಲೀಕರು ಹೊರದೇಶದಲ್ಲಿ ಹಳೆಯದೊಂದು ಸಣ್ಣ ಕಾರ್ಖಾನೆ ಕೊಂಡು ಅಲ್ಲಿಯೂ ಇದೇ ಔಷಧಿ ಮಾಡಲು ಶುರುಮಾಡಿದರು. ಯಾವ ದೇಶ ಅಂತ ಬರೆಯುವುದಿಲ್ಲ. ಬರೆದರೆ ಓದುವವರ ಸಿಟ್ಟು ಆ ದೇಶದ ಮೇಲೆ ಹೋಗುತ್ತದೆ, ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಅಲ್ಲಿ ಮೊದಲ ದಿನದಿಂದ ಮಾಲು ಕೆಸರಾಗತೊಡಗಿತು. ಇಲ್ಲಿಂದ ಇಬ್ಬರು ಕೆಮಿಸ್ಟರು ಹೋಗಿ, ಮುಖ ಸಣ್ಣ ಮಾಡಿಕೊಂಡು ವಾಪಸ್ ಬಂದರು. ಕೊನೆಗೆ ನಮ್ಮ ಮ್ಯಾನೇಜರ್ ಫೋನಿನಲ್ಲಿ ಮಾಲೀಕರಿಗೆ ಹೇಳಿದ್ದನ್ನು ಪಕ್ಕದ ಮೇಜಿನಲ್ಲಿ ಕುಳಿತು ಕೇಳಿಸಿಕೊಂಡೆ. "ಚಾಚಾನ್ನ ಕಳಸೂದೊಂದೇ ದಾರಿ ಅದರಿ ಸರ್. ಎರಡು ವರ್ಷ ಇದ್ದು ಕೆಲಸ ಸರಿ ಕೂಡ್ರಿಸಿ ಬರಲಿ."

ಕಳಿಸುವುದೆಂದರೆ ವೀಸಾ. ಕಂಪನಿ ತನ್ನ ನೌಕರನನ್ನು ತನ್ನದೇ ಹೊರದೇಶದ ಕಚೇರಿಗೆ ವರ್ಗ ಮಾಡುವಾಗ ಕೊಡುವ ವೀಸಾ ಬೇರೆಯೇ ಇದೆಯಂತೆ. ಹೈದರಾಬಾದಿನ ವಕೀಲರಿಂದ ಅದರ ನಿಯಮಗಳ ಫ್ಯಾಕ್ಸ್ ಬಂತು. ಇಂಗ್ಲಿಷು ಓದಿ ಮ್ಯಾನೇಜರಿಗೆ ಬಿಡಿಸಿ ಹೇಳುವ ಕೆಲಸ ನನ್ನದು. ಮುಖ್ಯವಾದವು ಎರಡು. ಒಂದು, ಹೋಗುವವನು ಕನಿಷ್ಠ ಒಂದು ವರ್ಷ ಕಂಪನಿಯ ಸ್ವಂತ ನೌಕರನಾಗಿರಬೇಕು. ಕಾಂಟ್ರಾಕ್ಟರನ ಆಳು ನಡೆಯುವುದಿಲ್ಲ. ಎರಡು, ಅವನಿಗೆ ತಿಳಿದ ಕೆಲಸ ವಿಶೇಷದ್ದಾಗಿರಬೇಕು, ಬೇರೆಯವರಿಗೆ ಬರುವಂಥದ್ದಾಗಿರಬಾರದು, ಸುಲಭವಾಗಿ ಕಲಿಸಲು ಆಗುವಂಥದ್ದೂ ಆಗಿರಬಾರದು.

ಮೊದಲನೆಯದಕ್ಕೆ ಕಂಪನಿ ಕೂಡಲೇ ದಾರಿ ಹುಡುಕಿತು. ಹದಿನಾಲ್ಕು ವರ್ಷ ದಾರಿಯಿಲ್ಲದ ನಿಯಮದಲ್ಲಿ ಒಂದೇ ದಿನದಲ್ಲಿ ಹೆದ್ದಾರಿ ಆಯಿತು. ಚಾಚಾನ ನೇಮಕದ ಆರ್ಡರನ್ನು ನಾನೇ ಟೈಪ್ ಮಾಡಿದೆ. ಒಂದು ವರ್ಷ ಇಲ್ಲಿ, ಆಮೇಲೆ ವರ್ಗ. ಆರನೆಯ ಕಲಮು ಹೀಗಿತ್ತು: ಈ ನೇಮಕ ಹೊರದೇಶದ ವರ್ಗಾವಣೆಗಾಗಿ ಮಾಡಿದ್ದು, ವೀಸಾ ಸಿಗದಿದ್ದರೆ ತಾನಾಗಿಯೇ ರದ್ದಾಗಿ, ಮಾಡಿಯೇ ಇರಲಿಲ್ಲ ಎಂದು ಭಾವಿಸತಕ್ಕದ್ದು. ಟೈಪ್ ಮಾಡುವಾಗ ನನ್ನ ಬೆರಳು ನಿಂತವು. ಮ್ಯಾನೇಜರ್ ಮುಖ ನೋಡಿದೆ. "ಮಾಲೀಕರು ಹೇಳಿಸಿದ್ದಮ್ಮಾ ಅದು, ನೀ ಹೊಡಿ" ಅಂದರು. ಹೊಡೆದೆ.

ಆ ಸಂಜೆ ಬಸ್ಸಿನಲ್ಲಿ ಚಾಚಾ ಆರ್ಡರನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು.

"ಓದಿ ಹೇಳು ಬೇಟಾ, ಏನೇನ ಬರದದ?"

"ನೀವು ಕಾಯಂ ಆದ್ರಿ ಅಂತ ಬರದದ ಚಾಚಾ."

"ಅಷ್ಟಕ್ಕ ಎರಡು ಹಾಳಿ?"

"ಇಂಗ್ಲಿಷರು ಹಂಗೇರಿ. ಒಂದು ಮಾತಿಗೆ ಹತ್ತು ಸುತ್ತು ಹಾಕ್ತಾರ."

ಅವರು ನಕ್ಕರು. ನಾನೂ ನಕ್ಕೆ. ಬಸ್ಸು ರಾಜೇಶ್ವರದಲ್ಲಿ ನಿಂತಾಗ ಇಳಿದು ಹೋಗಿ ಫೇಡೆ ತಂದು, ಡ್ರೈವರ್ ಕಂಡಕ್ಟರನ್ನೂ ಬಿಡದೆ ಎಲ್ಲರಿಗೂ ಹಂಚಿದರು. ಆರನೆಯ ಕಲಮು ನನ್ನ ನಾಲಿಗೆಯ ಮೇಲೇ ಇತ್ತು. ಇಷ್ಟು ಸಂತೋಷದಲ್ಲಿರುವವರಿಗೆ ಇವತ್ತೇ ಯಾಕೆ ಹೇಳಬೇಕು, ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಅವರು ಕಾಂಟ್ರಾಕ್ಟರನ ಹತ್ತಿರ ಹೋಗಿ, ನಿನ್ನ ಕೆಲಸ ಬಿಟ್ಟಿದ್ದೇನೆ ಎಂದು ಬರೆದುಕೊಟ್ಟು ಬಂದರು. ಆಮೇಲೆ ಹೇಳುವುದರಲ್ಲಿ ಅರ್ಥವಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದನ್ನು ಕರುಣೆ ಅಂತ ಬಹಳ ದಿನ ಕರೆದುಕೊಂಡಿದ್ದೆ. ಕರುಣೆಯಲ್ಲ, ಹೇಡಿತನ.

ಆ ಒಂದು ವರ್ಷ ಚಾಚಾ ಬಹಳ ಹಗುರಾಗಿದ್ದರು. ಫೋಟೋ ಇದ್ದ ಗುರುತಿನ ಕಾರ್ಡನ್ನು ರಜೆಯ ದಿನವೂ ಅಂಗಿಯ ಮೇಲೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. "ಚಾಚಾ, ಮಸೀದಿಗೂ ಇದೇ ಕಾರ್ಡ್ ತೋರಿಸಿ ಹೋಗ್ತೀರೇನು?" ಎಂದು ನಾನು ಕಾಡಿಸುತ್ತಿದ್ದೆ. "ಅಲ್ಲಿ ನಾ ಹುಟ್ಟಿದಾಗಿಂದ ಕಾಯಂ ಇದ್ದೀನಿ ಬೇಟಾ" ಅನ್ನುತ್ತಿದ್ದರು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಪೊಲೀಸರು ಮನೆಗೆ ಬಂದು ವಿಚಾರಿಸಿ, ಚಹಾ ಕುಡಿದು ಹೋದರು. ಬೆಚ್ಚನೆಯ ಅಂಗಿ ಹೊಲಿಸಿದ್ದಾಯಿತು. ನೀರು ಹೆಪ್ಪುಗಟ್ಟುವ ಊರಲ್ಲಿ ಪೈಪಿಗೆ ಮುಂಗೈ ತಾಗಿಸಿದರೆ ಕಾವು ತಿಳಿಯುವುದು ಹೇಗೆ ಎಂಬುದೊಂದೇ ಅವರಿಗಿದ್ದ ಚಿಂತೆ.

ವರ್ಷ ತುಂಬುವ ಹೊತ್ತಿಗೆ ವೀಸಾಕ್ಕೆ ಕಂಪನಿಯ ಪತ್ರ ತಯಾರಾಗಬೇಕಾಗಿತ್ತು. ಮ್ಯಾನೇಜರ್ ನನಗೇ ಬರೆಯಲು ಹೇಳಿದರು. ನಾನು ಎದೆತುಂಬಿ ನಾಲ್ಕು ಪುಟ ಬರೆದೆ. ಇವರು ಎಂಥ ಕುಶಲಿಗರು, ಎಂಥ ದೊಡ್ಡ ಮನಸ್ಸಿನವರು, ಹದಿನಾಲ್ಕು ಜನರಿಗೆ ಏನನ್ನೂ ಮುಚ್ಚಿಡದೆ ಈ ಕೆಲಸ ಕಲಿಸಿದ್ದಾರೆ, ಇಂಥವರು ನಿಮ್ಮ ದೇಶಕ್ಕೆ ಬರುವುದು ನಿಮ್ಮ ಭಾಗ್ಯ ಎಂದೆಲ್ಲ. ವಕೀಲರು ಅದರ ಮೇಲೆ ಕೆಂಪು ಗೀಟೆಳೆದು ವಾಪಸ್ ಕಳಿಸಿದರು. ಕಲಿಸಿದ್ದಾರೆ ಎಂಬ ಒಂದೇ ಮಾತಿಗೆ ಮೂರು ಸಲ ಗೀಟೆಳೆದಿದ್ದರು. ಕಲಿಸಿದ್ದರೆ ಅದು ವಿಶೇಷ ಹೇಗಾಯಿತು, ಆ ಹದಿನಾಲ್ಕು ಜನರನ್ನು ಬಿಟ್ಟು ಇವರನ್ನೇ ಯಾಕೆ ಕಳಿಸಬೇಕು ಎಂದು ಫೋನಿನಲ್ಲಿ ರೇಗಿದರು. ಹೊಸ ಪತ್ರದಲ್ಲಿ ನಾನು ಹೀಗೆ ಹೊಡೆದೆ: ಈ ಜ್ಞಾನ ಹುಮನಾಬಾದ ಘಟಕದಲ್ಲಿ ಇವರೊಬ್ಬರಿಗೇ ಇದೆ, ಬೇರೆ ಯಾರಿಗೂ ಇಲ್ಲ, ಕಲಿಸಲು ಹಲವು ವರ್ಷ ಬೇಕು. ಒಳ್ಳೆಯ ಕೆಲಸಕ್ಕೆ ಒಂದು ಸುಳ್ಳು, ಹೋಗಲಿ ಎಂದುಕೊಂಡೆ.

ಮದ್ರಾಸಿನ ಕಾನ್ಸುಲೇಟಿನಲ್ಲಿ ಸಂದರ್ಶನವಿತ್ತು. ಅಲ್ಲಿ ಏನು ಕೇಳುತ್ತಾರೆ ಎಂದು ವಕೀಲರು ಬರೆದು ಕಳಿಸಿದ್ದರು. ಚಾಚಾನನ್ನು ತಯಾರು ಮಾಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ನಾನೇ ಸಾಹೇಬನಾಗಿ ಬೆಂಚಿನ ಆ ಕಡೆ ಕೂಡುತ್ತಿದ್ದೆ.

"ನಿಮ್ಮನ್ನ ಬಿಟ್ರ ಈ ಕೆಲಸ ಮತ್ತ ಯಾರಿಗೆ ಬರ್ತದ?"

ಚಾಚಾ ಕಿವಿ ಮುಟ್ಟಿಕೊಂಡರು. "ತೋಬಾ ತೋಬಾ. ಹಂಗ ಹ್ಯಾಂಗ ಹೇಳ್ಲಿ? ಎಲ್ಲಾರಿಗೂ ಬರ್ತದ."

"ಚಾಚಾ! ಯಾರಿಗೂ ಬರಂಗಿಲ್ಲ ಅನ್ರಿ. ಅಷ್ಟ ಅನ್ರಿ, ಸಾಕು."

"ಬರ್ತದಲ್ಲ ಬೇಟಾ. ಆ ಹಳ್ಳಿಖೇಡದವಗ ನೋಡು, ನನಗಿಂತ ಛಲೋ ಬರ್ತದ."

"ನಿಮಗಿಂತ ಛಲೋ ಬರ್ತಿದ್ರ ಮಾಲೀಕರು ಅವನ್ನ ಕಳಸ್ತಿದ್ರು. ಈ ದೊಡ್ಡಸ್ತಿಕಿ ಇಲ್ಲಿ ಬ್ಯಾಡ್ರಿ. ಅಲ್ಲಿ ನಾನೇ ಅನ್ನಬೇಕು, ನನಗಷ್ಟೇ ಅನ್ನಬೇಕು."

ಹಳ್ಳಿಖೇಡದವನೆಂದರೆ ಚಾಚಾನ ಕೈಕೆಳಗೆ ಕೆಲಸ ಕಲಿತ ಆಪರೇಟರ್. ಡಿಪ್ಲೊಮಾ ಓದಿದವನು, ಕಾಯಂ ನೌಕರ, ಮೂವತ್ತರ ಹತ್ತಿರದವನು. ಕೆಟ್ಟವನಲ್ಲ. ಕಲಿತದ್ದು ಮಾತ್ರ ಅರ್ಧಂಬರ್ಧ.

ಎಂಟು ದಿನ ಹೀಗೇ ನಡೆಯಿತು. ನಾನು ಬೈದೆ, ಅಂಗಲಾಚಿದೆ, ಒಂದು ದಿನ ಡಬ್ಬಿ ಮುಚ್ಚಿ ಊಟ ಬಿಟ್ಟು ಎದ್ದು ಹೋದೆ. ಅದಕ್ಕೆ ಚಾಚಾ ಕರಗಿದರು. "ಆತವ್ವಾ, ಸಿಟ್ಟ ಮಾಡ್ಕೋಬ್ಯಾಡ. ಕಂಪನಿ ಏನ ಬರದದ ಅದೇ ಖರೇ ಅಂತೀನಿ" ಅಂದರು. ಅಷ್ಟು ಹೇಳಿದರೂ ನಡೆಯುತ್ತದೆ ಎಂದು ನನಗೆ ಧೈರ್ಯ ಬಂತು. ಮ್ಯಾನೇಜರ್ ಅವರನ್ನು ಕರೆದುಕೊಂಡು ಹೈದರಾಬಾದಿಗೆ ಬಸ್ಸಿನಲ್ಲಿ, ಅಲ್ಲಿಂದ ಮದ್ರಾಸಿಗೆ ರೈಲಿನಲ್ಲಿ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಚಾಚಾ ಸಿಕ್ಕರು. ಮುಖ ಅರಳಿತ್ತು.

"ಹ್ಯಾಂಗ ಆತ್ರಿ?"

"ಭಾಳ ಛಲೋ ಆತು ಬೇಟಾ. ಸಾಹೇಬ ಭಾಳ ಸಂಭಾವಿತ ಮನಷ್ಯಾ. ಕನ್ನಡ ಬರೋ ಒಬ್ಬಾಕಿ ಹೆಣ್ಮಗಳು ಇದ್ದಳು, ಅಕಿ ಎಲ್ಲಾ ತಿಳಿಸಿ ಹೇಳ್ತಿದ್ದಳು. ನಾ ಕೆಲಸ ಹ್ಯಾಂಗ ಮಾಡ್ತೀನಿ ಅಂತ ಕೇಳಿದ. ಕಿಂಡಿ, ಸಪ್ಪಳ, ಮುಂಗೈ, ಎಲ್ಲಾ ಹೇಳಿದೆ. ಗಲ್ಲಕ್ಕ ಕೈ ಹಚ್ಚಿ ಕೇಳಿದ ನೋಡು. ಭಾಳ ದೊಡ್ಡ ಕಸುಬುದಾರ ಇದ್ದೀರಿ ಅಂದ."

ಹೊಗಳಿದ್ದಾನೆ. ಹೊಗಳಿದರೆ ಇವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು.

"ಆಮ್ಯಾಗ?"

"ಆಮ್ಯಾಗೇನು, ಇದರಾಗ ನಂದೇನದರಿ ಅಂದೆ. ಮತ್ತ ಯಾರಿಗೆ ಬರ್ತದ ಅಂದ. ಕಂಪನಿ ಕಾಗದದಾಗ ಬರದಂಗ ಅದರಿ ಅಂತ ಹೇಳಾಕತ್ತಿದ್ದೆ, ಖರೇನ. ಆದ್ರ ಅವ ಅಷ್ಟು ಅದಬಿನಿಂದ, ಮರ್ಯಾದಿಯಿಂದ ಕೇಳಾಕತ್ತಾನ. ಅಂಥವನ ಮುಂದ ನಾನೊಬ್ಬನೇ ಶಾಣ್ಯಾ ಅಂತ ಕೂಡ್ಲೇನು? ಹದಿನಾಲ್ಕು ಮಂದಿಗೆ ಕಲಿಸೀನ್ರಿ ಅಂದೆ. ಎಷ್ಟು ದಿನ ಹಿಡೀತದ ಅಂದ. ಮನಸ ಕೊಟ್ಟು ಕಲಿತ್ರ ಮೂರು ತಿಂಗಳಾಗ ಯಾರಿಗಾದ್ರೂ ಬರ್ತದರಿ, ನಿಮ್ಮ ಮಂದಿಗೂ ಕಲಿಸ್ತೀನ್ರಿ, ಏನೂ ಮುಚ್ಚಿಡಂಗಿಲ್ಲ ಅಂದೆ. ಎದ್ದು ನಿಂತು ಕೈ ಕುಲುಕಿದ."

ನಾನು ಕಿಟಕಿಯ ಹೊರಗೆ ನೋಡಿದೆ. ಅಳು ಬರುತ್ತಿತ್ತು, ಅವರನ್ನು ಹಿಡಿದು ಅಲುಗಾಡಿಸಬೇಕೆನ್ನುವಷ್ಟು ಸಿಟ್ಟೂ ಬರುತ್ತಿತ್ತು. ಯಾಕೆ ಸುಮ್ಮನಾದೆ ಎಂದು ಅವರು ಕೇಳಿದಾಗ ತಲೆನೋವು ಅಂದೆ. ಚೀಲದಿಂದ ಅಮೃತಾಂಜನ ತೆಗೆದು ಕೊಟ್ಟರು.

ಮೂರು ವಾರಕ್ಕೆ ಪತ್ರ ಬಂತು. ವೀಸಾ ಇಲ್ಲ. ಕಂಪನಿ ಹೇಳಿದ್ದಕ್ಕೂ ಅಭ್ಯರ್ಥಿ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಅಭ್ಯರ್ಥಿಯ ಮಾತಿನ ಪ್ರಕಾರವೇ ಈ ಕೆಲಸ ಹಲವರಿಗೆ ಬರುತ್ತದೆ, ಮೂರು ತಿಂಗಳಲ್ಲಿ ಕಲಿಸಬಹುದು. ಆದ್ದರಿಂದ ವಿಶೇಷ ಜ್ಞಾನವೆನ್ನಲು ಬರುವುದಿಲ್ಲ. ಮ್ಯಾನೇಜರ್ ಪತ್ರವನ್ನು ನನ್ನ ಮೇಜಿನ ಮೇಲೆ ಒಗೆದು, "ನೀನೇ ತಿಳಿಸಿ ಹೇಳಮ್ಮಾ, ನಿಮ್ಮೂರವರು ಅದಾರಲ್ಲ" ಅಂದರು. ಅದರ ಹಿಂದೆಯೇ ಆರನೆಯ ಕಲಮಿನ ಪ್ರಕಾರ ನೇಮಕ ರದ್ದಾದ ನೋಟೀಸನ್ನು ಹೊಡೆಯಲು ಹೇಳಿದರು. ನಾನು ಆಗಲ್ಲ ಅಂದೆ. ಜಗಳವಾಡಿದೆ. ಹದಿನೈದು ವರ್ಷ ದುಡಿದವರನ್ನು ಹೀಗೆ ತೆಗೆದರೆ ನಿಮಗೆ ಒಳ್ಳೆಯದಾಗಲ್ಲ ಎಂದೂ ಅಂದೆ. ಅವರು ಸಿಟ್ಟಾಗಲಿಲ್ಲ. ಹೊರದೇಶದ ಕಾರ್ಖಾನೆಯಲ್ಲಿ ಮಾಲು ಕೆಡುತ್ತಲೇ ಇದೆ, ಮಾಲೀಕರು ಉರಿಯುತ್ತಿದ್ದಾರೆ, ನನ್ನ ಕೈಯಲ್ಲಿ ಏನಿದೆ ಅಂದರು. ನೋಟೀಸನ್ನು ಬೇರೆಯವರು ಹೊಡೆದರು. ಅದರಿಂದ ನನಗೆ ಸಿಕ್ಕ ಪುಣ್ಯವೇನೂ ಇಲ್ಲ.

ಕ್ಯಾಂಟೀನಿನ ಅದೇ ಬೆಂಚಿನ ಮೇಲೆ ಕುಳಿತು ಎರಡೂ ಕಾಗದ ಓದಿ ಹೇಳಿದೆ. ಈ ಸಲ ಒಂದಕ್ಷರ ಬಿಡಲಿಲ್ಲ. ಚಾಚಾ ನೋಟೀಸನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಈ ಆರನೇದು, ಮೊದಲಿನ ಕಾಗದದಾಗೂ ಇತ್ತೇನು?"

"ಇತ್ರಿ."

"ನಿನಗ ಗೊತ್ತಿತ್ತು?"

"ಗೊತ್ತಿತ್ರಿ ಚಾಚಾ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗಲಿ ಬಿಡು. ಅವತ್ತು ಹೇಳಿದ್ರ ಕಾಂಟ್ರಾಕ್ಟರಗ ಬರದು ಕೊಡ್ತಿದ್ದಿಲ್ಲ ನಾನು" ಎಂದಷ್ಟೇ ಹೇಳಿ ಎದ್ದರು. ಗುರುತಿನ ಕಾರ್ಡನ್ನು ಬಿಚ್ಚಿ, ಹಿಂದಿನ ಪಿನ್ನು ಯಾರಿಗಾದರೂ ಚುಚ್ಚೀತೆಂದು ಮಡಚಿ, ಬೆಂಚಿನ ಮೇಲಿಟ್ಟು ಹೋದರು.

ಕಾಂಟ್ರಾಕ್ಟರ್ ಅವರ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡಾಗಿತ್ತು. ಕಂಪನಿಯವನಾಗಿ ಮೆರೆದೆಯಲ್ಲ, ಅಲ್ಲಿಗೇ ಹೋಗು ಅಂದನಂತೆ. ಹಿಂದಿನ ಹಾಗೆ ಕಂಪನಿಯೂ ಕರೆಸಲಿಲ್ಲ, ಇಲ್ಲಿಯ ಮಾಲನ್ನು ಹಳ್ಳಿಖೇಡದವನು ಹೇಗೋ ಸಂಭಾಳಿಸುತ್ತಿದ್ದ. ಅತ್ತ ದರಿ ಇತ್ತ ಪುಲಿ. ಚಾಚಾ ತಂದೆಯ ತಿದಿ ತೆಗೆದು ಕಲಾಯಿಗೆ ಹೊರಟರು. ಆದರೆ ಎರಡು ಸಾವಿರದ ಇಸವಿಯಲ್ಲಿ ತಾಮ್ರದ ಪಾತ್ರೆ ಯಾರ ಮನೆಯಲ್ಲಿತ್ತು? ನಮ್ಮವ್ವನೇ ಎಲ್ಲವನ್ನೂ ಗುಜರಿಗೆ ಹಾಕಿ ಸ್ಟೀಲ್ ತಂದುಕೊಂಡಿದ್ದಳು. ಅವರು ನಮ್ಮ ಓಣಿಯಲ್ಲಿ ಕೂಗುತ್ತ ಬಂದ ದಿನ ಅವ್ವ ಅಟ್ಟದ ಮೇಲಿದ್ದ ಒಂದು ಒಡಕು ಕೊಡ ಹುಡುಕಿ ತೆಗೆದು ಕೊಟ್ಟಳು. ಚಾಚಾ ಅದಕ್ಕೆ ಮನಸ್ಸಿಟ್ಟು ಕಲಾಯಿ ಹಾಕಿದರು. ಒಡಕು ಕೊಡಕ್ಕೆ ಕಲಾಯಿ ಯಾಕೆ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕೆಲವು ತಿಂಗಳಿಗೆ ಅದನ್ನೂ ಬಿಟ್ಟು ಒಂದು ಗೋದಾಮಿನಲ್ಲಿ ಕಾವಲುಗಾರರಾದರು.

ಮರುವರ್ಷ ಕಂಪನಿ ಹಳ್ಳಿಖೇಡದವನ ಹೆಸರಿನಲ್ಲಿ ಅರ್ಜಿ ಹಾಕಿತು. ಅವನು ಹೇಗೂ ಕಾಯಂ ನೌಕರ, ಇಂಗ್ಲಿಷೂ ಬರುತ್ತಿತ್ತು. ವಕೀಲರು ಈ ಸಲ ಇನ್ನೂ ಬಿಗಿಯಾಗಿ ಬರೆಯಲು ಹೇಳಿದರು. ನಾನು ಹೊಡೆದೆ: ಹಿಂದಿನ ಅರ್ಜಿಯಲ್ಲಿ ತಪ್ಪು ತಿಳುವಳಿಕೆಯಾಗಿತ್ತು, ಈ ಪದ್ಧತಿಯನ್ನು ಕಂಡುಹಿಡಿದವರೇ ಇವರು, ಹುಮನಾಬಾದ ಘಟಕದಲ್ಲಿ ಇವರ ಹೊರತು ಮತ್ತಾರಿಗೂ ಇದು ತಿಳಿದಿಲ್ಲ, ಹಿಂದೆಯೂ ತಿಳಿದಿರಲಿಲ್ಲ. ಈ ಸಲ ಜಗಳವಾಡಲಿಲ್ಲ. ನಮ್ಮಪ್ಪನಿಗೆ ಪಾರ್ಶ್ವವಾಯು ಹೊಡೆದು ಅಂಗಡಿ ಮುಚ್ಚಿತ್ತು, ಕೆಲಸ ನನಗೂ ಬೇಕಾಗಿತ್ತು. ಕಾರಣ ಹೇಳಿದೆನೇ ಹೊರತು ಕ್ಷಮೆ ಕೇಳುತ್ತಿಲ್ಲ.

ಅವನು ಮದ್ರಾಸಿಗೆ ಹೋಗಿ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಒಪ್ಪಿಸಿ ಬಂದ. ವೀಸಾ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಹೋಗುವ ಮೊದಲು ಅವನಿಗೆ ಭಯವಾಯಿತು. ಮೂರು ಭಾನುವಾರ ಬಸವಕಲ್ಯಾಣಕ್ಕೆ ಬಂದು ಚಾಚಾನ ಕಾಲು ಹಿಡಿದು, ತಾನು ಕಲಿಯದೇ ಬಿಟ್ಟದ್ದನ್ನೆಲ್ಲ ಕೇಳಿದನಂತೆ. ಚಾಚಾ ಗೋದಾಮಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟರಂತೆ. ಇದನ್ನು ಅವನೇ ನನಗೆ ಹೇಳಿದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿದ್ದವು. ನನಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅಲ್ಲಿ ಮಾಲು ಕೆಡುವುದು ನಿಂತಿತೆಂದು ಎರಡು ತಿಂಗಳಲ್ಲಿ ಫ್ಯಾಕ್ಸ್ ಬಂತು, ಆಫೀಸಿನಲ್ಲಿ ಎಲ್ಲರಿಗೂ ಜಾಮೂನು ಕೊಟ್ಟರು. ನಾನು ನನ್ನ ಪಾಲಿನದನ್ನು ಮುಟ್ಟಲಿಲ್ಲ.

ಅದೇ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಚಾಚಾ ಕಾರ್ಖಾನೆಯ ಗೇಟಿಗೆ ಬಂದರು. ಗೇಟಿನವನು ಒಳಗೆ ಬಿಡದೆ ನನ್ನನ್ನು ಕರೆಸಿದ. ತೆಳ್ಳಗಾಗಿದ್ದರು, ಆದರೆ ಅಂಗಿ ಇಸ್ತ್ರಿ ಮಾಡಿದ್ದಾಗಿತ್ತು. ಹೈದರಾಬಾದಿನ ಕಡೆ ಹೊಸ ಔಷಧಿ ಕಾರ್ಖಾನೆಯೊಂದರಲ್ಲಿ ಇದೇ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಓದು ಕೇಳುವುದಿಲ್ಲ, ಎಲ್ಲಿ ಎಷ್ಟು ವರ್ಷ ಮಾಡಿದ್ದೀಯ ಅನ್ನುವ ಕಾಗದವೊಂದು ಇದ್ದರೆ ಕಾಯಂ ಅಂತಲೇ ತೆಗೆದುಕೊಳ್ಳುತ್ತಾರೆ ಅಂದರು.

"ಒಂದ ಕಾಗದ ಬೇಟಾ. ಇಲ್ಲಿ ಮಾಡೀನಿ ಅಂತ ಬರದ್ರ ಸಾಕು. ಛಲೋ ಮಾಡ್ಯಾನ ಅಂತೇನೂ ಬರೀಬ್ಯಾಡ."

ಓಡಿ ಒಳಗೆ ಹೋದೆ. ಮ್ಯಾನೇಜರ್ ಪೂರ್ತಿ ಕೇಳಿದರು. ಆಮೇಲೆ ಕಪಾಟಿನಿಂದ ಫೈಲು ತೆಗೆದು ನನ್ನ ಮುಂದೆ ತೆರೆದಿಟ್ಟರು. ಕಾಂಟ್ರಾಕ್ಟರನ ಹದಿನಾಲ್ಕು ವರ್ಷಕ್ಕೆ ನಮ್ಮಲ್ಲಿ ಕಾಗದವಿಲ್ಲ. ಕಂಪನಿಯ ಒಂದು ವರ್ಷ ಆರನೆಯ ಕಲಮಿನಲ್ಲಿ ಇಲ್ಲವಾಗಿದೆ. ಅದಕ್ಕೂ ದೊಡ್ಡದು ಮೂರನೆಯದು. ಹಳ್ಳಿಖೇಡದವನ ಪತ್ರದ ಕೊನೆಯ ಸಾಲಿನ ಮೇಲೆ ಅವರು ಬೆರಳಿಟ್ಟರು. ಹಿಂದೆಯೂ ತಿಳಿದಿರಲಿಲ್ಲ.

"ಇದನ್ನ ಹೊಡದಾಕಿ ನೀನೇ. ಈಗ ಚಾಚಾ ಈ ಕೆಲಸ ಮಾಡ್ಯಾರ ಅಂತ ಬರದು ಕೊಟ್ರ, ಅಲ್ಲಿ ಅವನ ವೀಸಾ ಹೋಗ್ತದ, ಕಂಪನಿ ಹೆಸರು ಹೋಗ್ತದ. ಹ್ಯಾಂಗ ಕೊಡ್ಲಿ ಹೇಳಮ್ಮಾ."

ಲೆಟರ್‌ಹೆಡ್ಡಿನ ಹಾಳೆಗಳು ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಸಹಿ ಹೇಗೆ ಹಾಕುತ್ತಾರೆಂದೂ ನನಗೆ ಗೊತ್ತಿತ್ತು. ಕಂಪನಿಗಾಗಿ ಎರಡು ಸುಳ್ಳು ಹೊಡೆದ ಕೈ, ಚಾಚಾನಿಗಾಗಿ ಒಂದು ನಿಜ ಹೊಡೆಯಲು ಹೆದರಿತು. ಖಾಲಿ ಕೈಯಲ್ಲಿ ಗೇಟಿಗೆ ಬಂದೆ.

ಎಲ್ಲವನ್ನೂ ಹೇಳಿದೆ. ಹಳ್ಳಿಖೇಡದವನ ಪತ್ರದಲ್ಲಿ ಏನಿದೆ, ಅದನ್ನು ಹೊಡೆದವರು ಯಾರು ಎಂಬುದನ್ನೂ ಬಿಡಲಿಲ್ಲ. ಒಳಗೆ ಮೋಟರುಗಳ ಸಪ್ಪಳ ಕೇಳುತ್ತಿತ್ತು. ಚಾಚಾ ಆ ಕಡೆ ಕಿವಿಗೊಟ್ಟರು.

"ಹಂಗಾದ್ರ ಬೇಟಾ," ಅಂದರು, ಸಿಟ್ಟಿಲ್ಲದೆ, ನಿಜವಾಗಿ ಗೊತ್ತಾಗದೆ ಕೇಳುವವರ ಹಾಗೆ, "ಆ ಹದಿನೈದು ವರ್ಷ ನಾ ಎಲ್ಲಿದ್ದೆ?"